ಕಲಿತನವೂ ಕಲಿಕೆಯೂ

ಸೈನ್ಯದಿಂದ ಮರಳಿದ ತರುಣನ ವಿದ್ಯಾಭ್ಯಾಸ ಸಫಲವಾಯಿತೆಂದು ನಾವು ಯಾವಾಗ ಹೇಳಬಹುದು? 2022ರಲ್ಲಿ ಅಗ್ನಿಪಥ ಯೋಜನೆಯ ಬೆನ್ನಿಗೆ ಅಗ್ನಿವೀರರಿಗೆಂದು ಘೋಷಿತವಾದ ಮೂರು ವರ್ಷದ ಪದವಿ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಈ ಪದವಿಯಲ್ಲಿ ಶೇಕಡ 50ರಷ್ಟು ಕ್ರೆಡಿಟ್ಟುಗಳು ಸೇನೆಯ ತರಬೇತಿಗೇ ಸಲ್ಲುತ್ತವೆ. ಉಳಿದರ್ಧ ಭಾಷೆ, ಇತಿಹಾಸ, ಅರ್ಥಶಾಸ್ತ್ರಾದಿಗಳ ಅಧ್ಯಯನಕ್ಕೆ ಮೀಸಲು. ದುಡಿಮೆಯನ್ನು ವಿದ್ಯೆಯೆಂದು ಮನ್ನಿಸಿದುದು ಉಚಿತವೇ ಸರಿ.

ಆದರೆ ನಾಲ್ಕು ವರ್ಷ ಸೇವೆ ಸಲ್ಲಿಸಿದ ನಾಲ್ವರಲ್ಲಿ ಮೂವರಾದರೂ ಊರಿಗೆ ಹಿಂದಿರುಗುವವರು. ಆಳಂದ ತಾಲ್ಲೂಕಿನ ಖಜೂರಿಗೆ ಅಂಥವನೊಬ್ಬ ಬಂದನೆನ್ನೋಣ. ಅದೇ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಯ ಸ್ನಾತಕೋತ್ತರ ತರಗತಿಯಲ್ಲಿ ಅವನನ್ನು ಕಾಯುವುದು ಆ ಉಳಿದರ್ಧವೇ. ಶಿಬಿರದಲ್ಲಿ, ಗುರುವಿನ ಸನ್ನಿಧಿಯಿಲ್ಲದೆ ಓದಿದ ಆ ಭಾಗ ದುರ್ಬಲವಾದರೆ ಪದವಿಯಿದ್ದೂ ಫಲವಿಲ್ಲ.

ಪಂಪನು ಕವಿಯೂ ಹೌದು, ಕಲಿಯೂ ಹೌದು. ಅವನ ಯುದ್ಧಾನುಭವ ಕಾವ್ಯಕ್ಕೆ ಕಸುವನ್ನು ತಂದಿತೇ ಹೊರತು ವ್ಯುತ್ಪತ್ತಿಗೆ ಬದಲಾಗಿ ನಿಲ್ಲಲಿಲ್ಲ. ಆದುದರಿಂದ ಪದವೀಧರರ ಸಂಖ್ಯೆಯೊಂದರಿಂದಲೇ ಸಾಫಲ್ಯವನ್ನು ಅಳೆಯಲಾಗದು. ಮರಳಿ ಬಂದವನಿಗೆ ಸಮೀಪದ ಕಾಲೇಜು, ಓದಿ ವಿಚಾರಮಾಡಿ ಬರೆಯುವ ಅಭ್ಯಾಸವನ್ನು ಕನ್ನಡದಲ್ಲಿಯೇ ಮಾಡಿಸಬೇಕು. ಅದು ಅಧ್ಯಾಪಕರಾದ ನಾವು ತೋರುವ ಉಪಕಾರವಲ್ಲ, ತೀರಿಸಬೇಕಾದ ಋಣ.