ಗೋಕುಲ ನಿರ್ಗಮನದ ನಾದ

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಜನಿಸಿದ ಪು.ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ವೆಂಬ ಗೀತನಾಟಕವನ್ನು ಕಣ್ಣಿನಿಂದ ಮಾತ್ರ ಓದುವವನಿಗೆ ಅದರ ಅರ್ಧ ಸೊಗಸೂ ದಕ್ಕದು, ಏತಕ್ಕೆಂದರೆ ಇಲ್ಲಿಯ ನುಡಿಯು ರಾಗವನ್ನು ಒಡಲೊಳಗಿಟ್ಟುಕೊಂಡೇ ಹುಟ್ಟಿದುದು. ಗೋಪಿಯರ ನಲಿವಿನಲ್ಲಿ ಒತ್ತೊತ್ತಾಗಿ ಕುಣಿಯುವ ಲಘುಗಳು, ಕೃಷ್ಣನನ್ನು ಕರೆದೊಯ್ಯಲು ಅಕ್ರೂರನು ಬಂದು ಅಗಲಿಕೆಯ ಸುಳಿವು ಸುಳಿದೊಡನೆ, ದೀರ್ಘಸ್ವರಗಳಿಗೆ ಎಡೆಗೊಟ್ಟು ಹಿಂಜರಿಯುತ್ತವೆ. ಒಂದೊಂದು ಪದವೂ ಹೋಗುವವನ ಉತ್ತರೀಯದ ಸೆರಗನ್ನು ಹಿಡಿದು ನಿಲ್ಲಿಸಲೆಳಸುವಂತೆ ತೋರುತ್ತದೆ. ಮಥುರೆಗೆ ಹೊರಟ ಕೃಷ್ಣನು ಕೊಳಲನ್ನು ಗೋಕುಲದಲ್ಲಿಯೇ ತೊರೆಯುವ ಸನ್ನಿವೇಶವಂತೂ ನನಗೆ ಅತ್ಯಂತ ಪ್ರಿಯವಾದುದು: ಲೋಕರಕ್ಷಣೆಗಾಗಿ ಸೌಂದರ್ಯವನ್ನೇ ತೆರಬೇಕಾಯಿತೆಂಬ ವ್ಯಥೆಯು ಅಲ್ಲಿ ಅರ್ಥಕ್ಕಿಂತ ಮೊದಲು ಶ್ರುತಿಯಾಗಿ ಎದೆಗಿಳಿಯುತ್ತದೆ. ಚೆಲುವನಾರಾಯಣನ ಸನ್ನಿಧಿಯ ಊರಿನಲ್ಲಿ, ದಿವ್ಯಪ್ರಬಂಧದ ಪಾರಾಯಣದ ನಡುವೆ ಬೆಳೆದ ಈ ಕವಿಯ ಕಿವಿಗೆ ಶಬ್ದವೂ ಅರ್ಥವೂ ಬೇರೆಬೇರೆಯಾಗಿ ಕೇಳಿಸದಿದ್ದುದು ಸಹಜವೇ ಸರಿ.