ಬಾಗಿಲಲ್ಲಿ ನಿಂತ ಕ್ರಿಸ್ತ, ಒರಳಿನಲ್ಲಿ ಕುಳಿತ ಶಿಶು: ಆಂಗ್ಲ ಸಭೆಯ ಕಲಾಭಿರುಚಿಯೂ ನಮ್ಮ ಗೋಡೆಗಳೂ

ಬ್ರಿಟನ್ನಿನ ಮೆಥಡಿಸ್ಟ್ ಸಭೆಯ ಒಡೆತನದಲ್ಲಿ ಆಧುನಿಕ ಕಲೆಯ ಒಂದು ಸಂಗ್ರಹವಿದೆ. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುವ ಸಂದರ್ಭವನ್ನು ಕುರಿತು ಗ್ರಹಾಂ ಸದರ್ಲೆಂಡ್ 1947ರಲ್ಲಿ ರಚಿಸಿದ ಚಿತ್ರ ಅದರಲ್ಲಿದೆ. ಗೋವೆಯಲ್ಲಿ ಹುಟ್ಟಿದ ಫ್ರಾನ್ಸಿಸ್ ನ್ಯೂಟನ್ ಸೋಜಾ 1962ರಲ್ಲಿ ರಚಿಸಿದ ಶಿಲುಬೆಯ ಚಿತ್ರವಿದೆ. ಬೆಂಗಳೂರಿನ ಸಮೀಪದ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಅವರ ‘ದಲಿತ ಮಡೋನಾ’ ಎಂಬ ಚಿತ್ರವೂ ಇದೆ. ನಮ್ಮ ನಾಡನ್ನೇ ತಮ್ಮದಾಗಿಸಿಕೊಂಡ ಕಲಾವಿದರೊಬ್ಬರು ಕನ್ಯೆ ಮರಿಯಳನ್ನು ಕುರಿತು ಬರೆದ ಚಿತ್ರವನ್ನು ಆಂಗ್ಲ ಸಭೆಯೊಂದು ತನ್ನದೆಂದು ಸ್ವೀಕರಿಸಿ ತನ್ನ ಜನರಿಗೆ ತೋರಿಸುತ್ತಿರುವಾಗ, ಕನ್ನಡ ನಾಡಿನ ನಮ್ಮ ಸಭೆಗಳಲ್ಲಿ ಹೆಚ್ಚಿನವು ಅದರ ಹೆಸರನ್ನೂ ಕೇಳಿಲ್ಲ. ಆಧುನಿಕ ಕಲೆಯನ್ನು ಮೆಚ್ಚಲು ಆಂಗ್ಲರು ಹೇಗೆ ಕಲಿತರು, ಅದರಲ್ಲಿ ಸಭೆಯ ಪಾತ್ರವೇನು, ಕಲಬುರಗಿ ಮತ್ತು ಕಮಲಾಪುರದ ದೇವಜನರಿಗೆ ಅದರಿಂದ ಬರುವ ಪ್ರಶ್ನೆಯೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಗೋಡೆಗಳನ್ನು ನೋಡೋಣ. ಕಲಬುರಗಿ ನಗರದ ಕ್ರೈಸ್ತ ಮನೆಗಳಲ್ಲಿಯೂ ಬೀದರ ಮಾರ್ಗದ ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿಯೂ ನಾವು ಪ್ರಾರ್ಥನೆಗೆ ಕುಳಿತಾಗ ಎದುರಿಗೆ ಕಾಣುವ ಚಿತ್ರಗಳು ಎರಡು ಮೂರು ಮಾದರಿಯವು ಮಾತ್ರ. ಒಂದು, ಹೊಂಬಣ್ಣದ ಕೂದಲಿನ ಪ್ರಭುವಿನ ಮುಖ. ಇದರ ಮೂಲ ಅಮೆರಿಕದ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದ ಚಿತ್ರ. ಇನ್ನೊಂದು, ಬಾಗಿಲ ಮುಂದೆ ನಿಂತು ತಟ್ಟುವ ಕ್ರಿಸ್ತ. ಪ್ರಕಟಣೆಯ ಮೂರನೆಯ ಅಧ್ಯಾಯವನ್ನು ಆಧರಿಸಿ ಆಂಗ್ಲ ಕಲಾವಿದ ವಿಲಿಯಂ ಹೋಲ್ಮನ್ ಹಂಟ್ 1850ರ ದಶಕದ ಆರಂಭದಲ್ಲಿ ರಚಿಸಿದ ‘ಲೋಕದ ಬೆಳಕು’ ಈ ಮಾದರಿಯನ್ನು ಜಗತ್ತಿಗೆಲ್ಲ ಪರಿಚಯಿಸಿತು. ಹಂಟನ ಚಿತ್ರದಲ್ಲಿ ಬಾಗಿಲಿಗೆ ಹೊರಗಿನಿಂದ ಹಿಡಿಯಿಲ್ಲ, ಒಳಗಿದ್ದವನೇ ತೆರೆಯಬೇಕು. ಉಪದೇಶಕ್ಕೆ ಒದಗುವ ಒಳ್ಳೆಯ ಕಲ್ಪನೆ ಅದು, ಅದನ್ನು ನಾವು ಹಳಿಯುವುದಿಲ್ಲ. ಆದರೆ ಆ ಚಿತ್ರದ ಬಾಗಿಲು, ಬಳ್ಳಿ, ಲಾಂದ್ರ, ಮುಖ ಎಲ್ಲವೂ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನವು. ಪೂಜ್ಯವಾದ ಚಿತ್ರವೆಂದರೆ ಹೀಗೆಯೇ ಇರಬೇಕು, ನುಣುಪಾಗಿ, ಶಾಂತವಾಗಿ, ಕಂಡದ್ದನ್ನು ಕಂಡ ಹಾಗೆ ಬರೆದದ್ದಾಗಿ ಇರಬೇಕು ಎಂಬ ನಮ್ಮ ಎಣಿಕೆ ವೇದಗ್ರಂಥದಿಂದ ಬಂದದ್ದಲ್ಲ. ಅದು ಒಂದು ಕಾಲದ, ಒಂದು ದೇಶದ ಅಭಿರುಚಿ.

ಈ ಅಭಿರುಚಿ ಕ್ರೈಸ್ತರಿಗಷ್ಟೇ ಅಂಟಿದ್ದಲ್ಲ. ಕಲಬುರಗಿಯಲ್ಲಿಯೇ ಹುಟ್ಟಿದ ಎಸ್. ಎಂ. ಪಂಡಿತರನ್ನು ನೆನೆಯೋಣ, ನಗರದ ರಂಗಮಂದಿರ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅವರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ, ಅದು ಆಂಗ್ಲ ಪ್ರಾಂಶುಪಾಲರ ಕೈಕೆಳಗಿದ್ದ ಕಾಲದಲ್ಲಿ, ಯುರೋಪಿನ ಸಾಂಪ್ರದಾಯಿಕ ನೈಜಶೈಲಿಯನ್ನು ಕಲಿತರು. ಸಿನಿಮಾ ಚಿತ್ರಗಳಿಗೆ, ಪತ್ರಿಕೆಗಳ ಮುಖಪುಟಗಳಿಗೆ, ಕ್ಯಾಲೆಂಡರುಗಳಿಗೆ ಬರೆದರು. ರಾಮಾಯಣ ಮಹಾಭಾರತಗಳ ಪಾತ್ರಗಳಿಗೆ ಮೈ, ಮಾಂಸ, ಬೆಳಕು, ನೆರಳುಗಳನ್ನು ಕೊಟ್ಟರು. ಕಲಾಶಾಲೆಯ ಮೆಟ್ಟಿಲು ಹತ್ತದ ಬಡವನ ಮನೆಗೂ ಚಿತ್ರವನ್ನು ಮುಟ್ಟಿಸಿದ ಈ ಪರಂಪರೆಯನ್ನು ‘ಕ್ಯಾಲೆಂಡರ್ ಕಲೆ’ ಎಂದು ಮೂಗು ಮುರಿಯುವುದು ಅನ್ಯಾಯ. ನಮ್ಮ ಕ್ರೈಸ್ತ ಮನೆಯ ಚಿತ್ರವೂ ನೆರೆಮನೆಯ ದೇವರ ಚಿತ್ರವೂ ಒಂದೇ ಕಣ್ಣಿನ ಸಂಸ್ಕಾರದಿಂದ ಬಂದವು ಎಂಬುದನ್ನಷ್ಟೇ ನಾವು ಇಲ್ಲಿ ಗಮನಿಸಬೇಕು.

ಅದೇ ಕಲಾಶಾಲೆಯಿಂದ ಇನ್ನೊಂದು ದಾರಿಯೂ ಹೊರಟಿತು. ಕಥೋಲಿಕ ಮನೆತನದ ಸೋಜಾ ಅಲ್ಲಿ ಕಲಿಯುತ್ತಿದ್ದಾಗ ಸ್ವಾತಂತ್ರ್ಯ ಚಳವಳಿಯಲ್ಲಿ ತೊಡಗಿದ ಕಾರಣ 1945ರಲ್ಲಿ ಹೊರಹಾಕಲ್ಪಟ್ಟರು. 1947ರಲ್ಲಿ ಪ್ರಗತಿಶೀಲ ಕಲಾವಿದರ ಬಳಗವನ್ನು ಸ್ಥಾಪಿಸಿದವರಲ್ಲಿ ಅವರು ಪ್ರಮುಖರು. 1949ರಲ್ಲಿ ಲಂಡನ್ನಿಗೆ ಹೋದರು. ಶಾಲೆ ಕಲಿಸಿದ ನುಣುಪನ್ನು ಅವರು ಬೇಕೆಂದೇ ಒಡೆದರು. ಆ ಒಡೆದ ಗೆರೆಯನ್ನು ಲಂಡನ್ನಿನ ವಿಮರ್ಶಕರು 1950ರ ದಶಕದಲ್ಲಿ ಮೆಚ್ಚಿದರು. ಮುಂದೆ ಒಂದು ಸಭೆಯೂ ಮೆಚ್ಚಿತು. ಹೀಗೆ, ನಮಗೆ ನೈಜಶೈಲಿಯನ್ನು ಕಲಿಸಿದ ಆಂಗ್ಲರೇ ಅದನ್ನು ದಾಟಿ ಹೋದರು. ನಾವು ಮಾತ್ರ ಅವರು ಬಿಟ್ಟ ಜಾಗದಲ್ಲಿಯೇ ನಿಂತೆವು.

ಆದರೆ ಈ ದಾಟುವಿಕೆ ಆಂಗ್ಲರಿಗೆ ಸುಲಭವಾಗಿರಲಿಲ್ಲ. 1910ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನ ಸಭೆಯೊಂದರಲ್ಲಿ ಅಧ್ಯಕ್ಷತೆ ವಹಿಸಿದ್ದ ಸರ್ ಜಾರ್ಜ್ ಬರ್ಡ್‌ವುಡ್, ಜಾವಾದ ಬುದ್ಧಮೂರ್ತಿಯೊಂದನ್ನು ಬೇಯಿಸಿದ ಕೊಬ್ಬಿನ ಕಡುಬಿಗೆ ಹೋಲಿಸಿ ಹೀಗಳೆದರು. ಭಾರತದ ಕೈಕಸುಬನ್ನು ಜೀವಮಾನವಿಡೀ ಕೊಂಡಾಡಿದ ವಿದ್ವಾಂಸರೇ ಅವರು; ಆದರೂ ಅಲ್ಲಿ ಶ್ರೇಷ್ಠಕಲೆಯಿದೆಯೆಂದು ಒಪ್ಪಲಾರದವರಾದರು. ಮರುತಿಂಗಳೇ ವಿಲಿಯಂ ರೋಥೆನ್‌ಸ್ಟೈನ್ ಮೊದಲಾದ ಹದಿಮೂರು ಮಂದಿ ಪತ್ರಿಕೆಯಲ್ಲಿ ಅದನ್ನು ಪ್ರತಿಭಟಿಸಿದರು. ಅದೇ ವರ್ಷ ಇಂಡಿಯಾ ಸೊಸೈಟಿ ಹುಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ರೋಜರ್ ಫ್ರೈ ಸೆಜಾನ್, ವ್ಯಾನ್ ಗೋ, ಗೊಗ್ಯಾನರ ಚಿತ್ರಗಳನ್ನು ಲಂಡನ್ನಿಗೆ ತಂದು ತೋರಿಸಿದಾಗ ಜನ ನಕ್ಕರು, ಸಿಟ್ಟಾದರು. ಅಂದರೆ ಹೊರಗಿನ ಕಲೆಯನ್ನೂ ಹೊಸ ಕಲೆಯನ್ನೂ ನೋಡಲು ಆಂಗ್ಲರ ಕಣ್ಣು ಒಂದೇ ಹೊತ್ತಿನಲ್ಲಿ, ಜಗಳವಾಡುತ್ತಲೇ ಕಲಿಯತೊಡಗಿತು.

ಸಭೆಯೂ ಹಾಗೆಯೇ ಕಲಿಯಿತು. ನಾರ್ಥಾಂಪ್ಟನ್ನಿನ ಸಂತ ಮತ್ತಾಯನ ದೇವಾಲಯದ ಸಭಾಪಾಲಕ ವಾಲ್ಟರ್ ಹಸ್ಸಿ ಯುದ್ಧದ ನಡುವೆಯೇ ಶಿಲ್ಪಿ ಹೆನ್ರಿ ಮೂರ್ ಅವರಿಂದ ತಾಯಿ ಮಗುವಿನ ಕಲ್ಲಿನ ಮೂರ್ತಿಯನ್ನು ಮಾಡಿಸಿ 1944ರಲ್ಲಿ ಪ್ರತಿಷ್ಠಾಪಿಸಿದರು. 1946ರಲ್ಲಿ ಸದರ್ಲೆಂಡರ ಶಿಲುಬೆಯ ಚಿತ್ರವನ್ನು ಎದುರಿಗೆ ಇರಿಸಿದರು. ಮೂರ್ ಅವರ ಮೂರ್ತಿಯನ್ನು ದೂಷಿಸಿ ಊರಿನ ಪತ್ರಿಕೆಗೆ ಪತ್ರಗಳು ಬಂದವು. ಮೆಥಡಿಸ್ಟರಲ್ಲಿ ಈ ಕೆಲಸಕ್ಕೆ ಇಳಿದವರು ಸಭಿಕರಾದ ಜಾನ್ ಮೋರೆಲ್ ಗಿಬ್ಸ್. ತಮ್ಮ ಸಭೆಗಳ ಗೋಡೆಗಳ ಮೇಲಿನ ಚಿತ್ರಗಳ ಕಳಪೆತನವನ್ನು ಕಂಡು ನೊಂದ ಅವರು, ಕಲೆಯನ್ನು ಬಲ್ಲ ಬೋಧಕ ಡಗ್ಲಾಸ್ ವೊಲೆನ್ ಅವರ ನೆರವಿನಿಂದ 1960ರ ದಶಕದ ಆರಂಭದಲ್ಲಿ ಕೃತಿಗಳನ್ನು ಕೊಂಡರು. ಅವನ್ನು ಒಂದೆಡೆ ಬೀಗ ಹಾಕಿ ಇಡಲಿಲ್ಲ. 1963ರಿಂದ 1965ರವರೆಗೆ ಊರಿಂದ ಊರಿಗೆ ಒಯ್ದು ತೋರಿಸಿದರು. ಆ ಸಂಚಾರ ಇಂದಿಗೂ ನಿಂತಿಲ್ಲ.

ಹಾಗಾದರೆ ಆ ಚಿತ್ರಗಳಲ್ಲಿ ಸಭೆಗೆ ಬೇಕಾದದ್ದು ಏನಿದೆ? ಆಕಾರವೊಂದೇ ಕಲೆಯ ಸಾರ, ವಿಷಯ ಗೌಣ ಎಂದು ಕ್ಲೈವ್ ಬೆಲ್ 1914ರಲ್ಲಿ ವಾದಿಸಿದ್ದರು. ಈ ವಾದ ನಮಗೆ ಸಾಲದು. ಶಿಲುಬೆಯ ಮುಂದೆ ನಿಂತವನಿಗೆ ವಿಷಯ ಗೌಣವಾಗಲಾರದು. ಸೋಜಾ ಅವರ ಶಿಲುಬೆಯ ಚಿತ್ರಗಳಲ್ಲಿ ದಪ್ಪ ಕಪ್ಪು ಗೆರೆಗಳಿವೆ, ಮುಳ್ಳಿನಂತೆ ಚುಚ್ಚುವ ಅವಯವಗಳಿವೆ, ನೋಡುವವರನ್ನು ಸಮಾಧಾನಪಡಿಸಲು ಒಪ್ಪದ ಮುಖವಿದೆ. ಇದು ವಿಕಾರ ಎನ್ನುವವರು ಯೆಶಾಯನ ಐವತ್ತಮೂರನೆಯ ಅಧ್ಯಾಯವನ್ನು ತೆರೆಯಬೇಕು. ಬಾಧೆಪಟ್ಟ ಸೇವಕನಲ್ಲಿ ನಮ್ಮನ್ನು ಸೆಳೆಯುವ ಅಂದವಿರಲಿಲ್ಲವೆಂದು, ಜನರು ಅವನಿಂದ ಮುಖ ತಿರುಗಿಸಿಕೊಂಡರೆಂದು ಪ್ರವಾದಿ ಸಾರುತ್ತಾನೆ. ಶುಭ ಶುಕ್ರವಾರ ನಾವು ಓದುವ ಮಾತಿಗೂ ವರ್ಷವಿಡೀ ನಾವು ನೋಡುವ ಮುಖಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಸೋಜಾ ತೋರಿಸಿಕೊಡುತ್ತಾರೆ. ಆದರೆ ಅವರಲ್ಲಿ ಕೋಪವೇ ಮುಂದಾಗಿ ಪುನರುತ್ಥಾನದ ನಿರೀಕ್ಷೆ ಹಿಂದೆ ಸರಿಯುತ್ತದೆ ಎಂಬುದನ್ನೂ ವಿಮರ್ಶೆ ಹೇಳಲೇಬೇಕು.

ಜ್ಯೋತಿ ಸಾಹಿ ಅವರ ಚಿತ್ರ ನಮಗೆ ಇನ್ನೂ ಹತ್ತಿರದ್ದು. ಅವರೂ ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಕಲಿತವರು. ‘ದಲಿತ ಮಡೋನಾ’ದ ರಚನೆಗೆ ಅವರು ಆರಿಸಿಕೊಂಡದ್ದು ನಮ್ಮ ಮನೆಗಳ ರುಬ್ಬುವ ಕಲ್ಲನ್ನು. ಕುಳಿಯುಳ್ಳ ದೊಡ್ಡ ಕಲ್ಲು ತಾಯಿ. ಆ ಕುಳಿಯಲ್ಲಿ ಕೂರುವ ಗುಂಡು ಮಗು. ಮರಿಯಳು ಒರಳಿನಂತೆ ಬಾಗಿ ತನ್ನೊಳಗೆ ಶಿಶುವನ್ನು ಹಿಡಿದಿದ್ದಾಳೆ.

ಈ ಚಿತ್ರದ ಮುದ್ರಿತ ಪ್ರತಿಯನ್ನು, ಸೋಜಾ ಮತ್ತು ಹಂಟರ ಚಿತ್ರಗಳ ಪ್ರತಿಗಳೊಡನೆ, ನಾವು ಕೆಲವರು ಕಮಲಾಪುರದ ಒಂದು ಮನೆಪ್ರಾರ್ಥನೆಗೆ ಒಯ್ದಿದ್ದೆವು. ಹಂಟನ ಚಿತ್ರವನ್ನು ಎಲ್ಲರೂ ಒಡನೆ ಗುರುತಿಸಿ ಕೈಮುಗಿದರು. ಸೋಜಾ ಅವರದನ್ನು ಕಂಡು ಒಬ್ಬ ಯುವಕ, “ಇದನ್ನ ಕೂಸುಗಳಿಗಿ ತೋರಸಬ್ಯಾಡ್ರಿ” ಎಂದನು. ಸಾಹಿ ಅವರ ಚಿತ್ರದ ಮುಂದೆ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಕೂಲಿಯಲ್ಲಿಯೇ ಜೀವನ ಸವೆಸಿದ ಮುದುಕಿಯೊಬ್ಬರು ನಮ್ಮ ಕಡೆ ತಿರುಗಿ, “ಪಾಸ್ಟರ್ ಸಾಹೇಬ್ರ, ಕೂಸು ಒಳ್ಳಾಗ ಕುಂತದ. ಒಳ್ಳಾಗ ಕುಂತ ಮ್ಯಾಲ ಪೆಟ್ಟು ತಪ್ಪತದೇನ್ರಿ?” ಎಂದರು. ಗೋದಲಿಯಲ್ಲಿಯೇ ಶಿಲುಬೆಯ ನೆರಳಿದೆಯೆಂದು ಎಷ್ಟೋ ಕ್ರಿಸ್ತಜಯಂತಿಗಳಲ್ಲಿ ನಾವು ಬೋಧಿಸಿದ್ದೆವು. ಅವರು ಅದನ್ನು ಆ ಚಿತ್ರದಲ್ಲಿ ಕಂಡರು. ಅಕ್ಷರ ಕಲಿಯದ ಅವರಿಗೆ ಆಧುನಿಕ ಕಲೆ ಅರ್ಥವಾಗದು ಎಂಬ ನಮ್ಮ ಎಣಿಕೆ ಅಂದು ಸುಳ್ಳಾಯಿತು. ಅರ್ಥವಾಗದಿದ್ದದ್ದು, ತೋರಿಸದೆಯೇ ತೀರ್ಪು ಕೊಟ್ಟಿದ್ದ ನಮಗೆ.

ಈ ಚಿತ್ರಕ್ಕೂ ಮಿತಿಗಳಿವೆ. ಇದು ದಲಿತ ಮನೆಯ ಒಳಗಿನಿಂದ ಬಂದದ್ದಲ್ಲ, ಹೊಸ್ತಿಲಲ್ಲಿ ನಿಂತು ಗೌರವದಿಂದ ನೋಡಿದವರು ಬರೆದದ್ದು. ಜೋಳದ ನಾಡಾದ ನಮ್ಮಲ್ಲಿ ಹೆಂಗಸರ ಬೆವರು ಹೆಚ್ಚಾಗಿ ಹರಿದದ್ದು ಒರಳಿಗಿಂತ ಬೀಸುವ ಕಲ್ಲಿನ ಮೇಲೆ. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡಂತೆ ಎಂದು ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ವಿಧಿಸುತ್ತದೆ. ಸಾಲಕ್ಕೆ ಮನೆಯ ಪಾತ್ರೆಗಳನ್ನೂ ಕಳೆದುಕೊಂಡ ಜನರ ಮಕ್ಕಳು ನಮ್ಮ ಸಭೆಗಳಲ್ಲಿದ್ದಾರೆ. ಆ ಕಲ್ಲಿನ ಚಿತ್ರವನ್ನು ಬರೆಯಬೇಕಾದವರು ಅವರೇ.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಮೊದಲನೆಯದು ಎರಡನೆಯ ಆಜ್ಞೆ. ಪ್ರತಿಮೆಯನ್ನು ಪೂಜಿಸಬಾರದೆಂಬ ಈ ಆಜ್ಞೆ ನಮಗೆ ಬಂಧಕವೇ. ಆದರೆ ಒಂದೇ ಮುಖವನ್ನು ಎಲ್ಲ ಗೋಡೆಗಳಲ್ಲಿಯೂ ತೂಗುಹಾಕಿ, ಪ್ರಭುವಿನ ನಿಜರೂಪ ಅದೇ ಎಂದು ಮಕ್ಕಳು ನಂಬುವಂತೆ ಮಾಡಿದಾಗಲೇ ವಿಗ್ರಹಾರಾಧನೆಯ ಅಪಾಯ ಹೆಚ್ಚು. ಬೇರೆ ಬೇರೆ ಚಿತ್ರಗಳು ಒಂದನ್ನೊಂದು ತಿದ್ದುತ್ತವೆ. ಯಾವುದೂ ಪ್ರಭುವಲ್ಲ, ಎಲ್ಲವೂ ಅವನ ಕಡೆಗೆ ಕೈ ತೋರಿಸುತ್ತವೆ ಎಂಬುದನ್ನು ಕಲಿಸುತ್ತವೆ. ಎರಡನೆಯದು, ನಿನ್ನೆ ಆಂಗ್ಲರ ಹಳೆಯ ಅಭಿರುಚಿಯನ್ನು ಕಲಿತೆವು, ಇಂದು ಹೊಸದನ್ನು ಕಲಿಯಬೇಕೇ ಎಂಬ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ. ಸದರ್ಲೆಂಡ್, ಮೂರ್ ಅವರ ಪ್ರತಿಗಳನ್ನು ತಂದು ತೂಗುಹಾಕಿದರೆ ಒಂದು ಪರದೇಶಿ ಗೋಡೆಯ ಬದಲು ಇನ್ನೊಂದು ಬಂದಂತೆ. ನಾವು ಕಲಿಯಬೇಕಾದದ್ದು ಗಿಬ್ಸರ ಸಂಗ್ರಹದಲ್ಲಿ ಏನಿದೆ ಎಂಬುದನ್ನಲ್ಲ, ಅವರು ಮಾಡಿದ್ದೇನು ಎಂಬುದನ್ನು. ಅವರು ತಮ್ಮ ಕಾಲದ, ತಮ್ಮ ಸುತ್ತಲಿನ ಕಲಾವಿದರನ್ನು ಹುಡುಕಿದರು, ಬೆಲೆ ಕೊಟ್ಟು ಕೊಂಡರು, ಜನರ ಬಳಿಗೆ ಒಯ್ದರು.

ಕಲಬುರಗಿಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಎಂ. ಎಂ. ಕೆ. ದೃಶ್ಯಕಲಾ ಮಹಾವಿದ್ಯಾಲಯದಂಥ ಕಲಾಶಾಲೆಗಳಿಂದ ವರ್ಷವರ್ಷವೂ ತರುಣ ಕಲಾವಿದರು ಹೊರಬರುತ್ತಿದ್ದಾರೆ. ಒಂದು ಸಭೆ ವರ್ಷಕ್ಕೊಂದು ಚಿತ್ರವನ್ನು ಅವರಿಂದ ಬರೆಯಿಸಿ, ಅದಕ್ಕೆ ತಕ್ಕ ಸಂಭಾವನೆ ಕೊಟ್ಟು, ತಪಸ್ಸುಕಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ಒಯ್ದರೆ ಸಾಕು. ಸಭಾಪಾಲಕರು ಮೊದಲು ವಿವರಿಸದೆ, ಜನರು ಹೇಳುವುದನ್ನು ಕೇಳಿಸಿಕೊಳ್ಳಬೇಕು.

ಬೆಳೆಹಬ್ಬದ ಭಾನುವಾರ ಕಮಲಾಪುರದ ಕಡೆಯ ಸಭೆಗಳಲ್ಲಿ ವಿಶ್ವಾಸಿಗಳು ಜೋಳದ ತೆನೆ, ತೊಗರಿ, ಆ ಊರಿಗೆ ಹೆಸರು ತಂದ ಕೆಂಪು ಬಾಳೆಯ ಗೊನೆಗಳನ್ನು ತಂದು ಪೀಠದ ಮುಂದೆ ಇಡುತ್ತಾರೆ. ಅವರ ನೆಲ ಬೆಳೆದದ್ದನ್ನು ನಾವು ಸಂತೋಷದಿಂದ ಸ್ವೀಕರಿಸಿ ಆಶೀರ್ವದಿಸುತ್ತೇವೆ. ಅವರ ಕಣ್ಣು ಕಂಡದ್ದಕ್ಕೆ ಮಾತ್ರ ಅದೇ ಪೀಠದ ಹಿಂದಿನ ಗೋಡೆಯಲ್ಲಿ ಇನ್ನೂ ಸ್ಥಳ ಕೊಟ್ಟಿಲ್ಲ. ವಾಕ್ಯವು ಶರೀರಧಾರಿಯಾಗಿ ನಮ್ಮ ಮಧ್ಯದಲ್ಲಿ ವಾಸಿಸಿತೆಂದು ಸಾರುವ ಸಭೆ ಆ ಸ್ಥಳವನ್ನು ಕೊಡಬೇಕು.