ಮರಾಕೆಶ್‌ನ ಊಟದ ಕಾರ್ಡಿಗೊಂದು ವ್ಯಾಖ್ಯಾನ

ಮೊರಾಕೊದ ಮರಾಕೆಶ್, ಫೆಸ್ ಊರುಗಳ ಹಳೆಯ ಪೇಟೆಗಳಲ್ಲಿ ಸಿರಿವಂತರ ತೊಟ್ಟಿಮನೆಗಳು ಎಷ್ಟೋ ಈಗ ಹೋಟೆಲುಗಳಾಗಿವೆ. ನಡುವೆ ಅಂಗಳ, ಸುತ್ತ ಬಣ್ಣದ ಬಿಲ್ಲೆಗಳ ಜೆಲ್ಲೀಜ್ ಕುಸುರಿ, ತಗ್ಗು ಮೇಜು, ಗೋಡೆಗೆ ಒತ್ತಿದ ಉದ್ದನೆಯ ದಿವಾನ. ಇರುಳೂಟದ ಜೊತೆಗೆ ಹಾಡು, ಕುಣಿತ. ಅಲ್ಲಿ ಕೈಗಿಡುವ ಕಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವಂಥ ಸಾಲುಗಳನ್ನು ಒಂದೆಡೆ ಜೋಡಿಸಿಕೊಂಡು, ಒಂದೊಂದನ್ನೂ ಇಲ್ಲಿ ಬಿಡಿಸಿದ್ದೇನೆ. ಈ ಕಾರ್ಡು ಯಾವುದೇ ಒಂದು ಹೋಟೆಲಿನದಲ್ಲ. ಇದರಲ್ಲಿ ತಿನಿಸಿನ ಹೆಸರುಂಟು, ಹೊತ್ತು ಉಂಟು. ಮಾಡಿದವರ ಹೆಸರಿಲ್ಲ, ನುಡಿಸಿದವರ ಹೆಸರಿಲ್ಲ. ವ್ಯಾಖ್ಯಾನ ಬೇಕೆನಿಸಿದ್ದು ಅದಕ್ಕೇ.

"ರಾತ್ರಿ 8ರಿಂದ. ಕೈಗೆ ನೀರು ಕೊಟ್ಟು ಬರಮಾಡಿಕೊಳ್ಳುತ್ತೇವೆ."

ಕುಳಿತಲ್ಲಿಗೇ ಲೋಹದ ಗಿಂಡಿ, ಬೋಗುಣಿ, ಟವೆಲು ಬರುತ್ತವೆ. ಬೆಚ್ಚನೆಯ ನೀರು ಕೈಮೇಲೆ ಬೀಳುತ್ತದೆ. ಕೆಲವೆಡೆ ಕಿತ್ತಳೆ ಹೂವಿನಿಂದ ಬಟ್ಟಿ ಇಳಿಸಿದ ನೀರನ್ನು ಉದ್ದ ಕೊರಳಿನ ಪನ್ನೀರುದಾನಿಯಿಂದ ಚಿಮುಕಿಸುತ್ತಾರೆ. ಇದು ಹೋಟೆಲಿನವರು ಕಟ್ಟಿದ ಸಂಪ್ರದಾಯವಲ್ಲ. ಮದುವೆಯಲ್ಲಿ, ದೊಡ್ಡ ಔತಣಗಳಲ್ಲಿ ಮನೆಯವರು ನೆಂಟರಿಗೆ ಮಾಡುವ ಉಪಚಾರವೇ ಇದು. ಇಂಥ ಔತಣಕ್ಕೆ ಅಲ್ಲಿ ದಿಫ್ಫಾ ಎನ್ನುತ್ತಾರೆ. ಈ ಹೋಟೆಲುಗಳು ಮಾರುವುದು ಬಿಡಿ ತಿನಿಸನ್ನಲ್ಲ, ದಿಫ್ಫಾದ ಒಂದು ರಾತ್ರಿಯನ್ನು. ಮದುವೆ ಮನೆಗೆ ವಾದ್ಯದವರು ಬರುವಂತೆ ಇಲ್ಲಿಗೂ ಬರುತ್ತಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಾಲುಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

"ಮೊರಾಕೊ ಸಲಾಡುಗಳು, ರೊಟ್ಟಿ."

ಸಲಾಡೆಂದರೆ ಹಸಿ ಸೊಪ್ಪೇ ಎಂದುಕೊಳ್ಳಬೇಡಿ. ಹೆಚ್ಚಿನವು ಬೇಯಿಸಿದವು. ಬದನೆ, ಟೊಮೆಟೊ, ಬೆಳ್ಳುಳ್ಳಿ, ಜೀರಿಗೆ ಸೇರಿಸಿ ಕಿವುಚಿದ್ದು ಜಾಲೂಕ್. ಸುಟ್ಟ ದೊಣ್ಣೆಮೆಣಸಿನಕಾಯಿ, ಟೊಮೆಟೊದ್ದು ತಕ್ತೂಕಾ. ಬೇಯಿಸಿದ ಕ್ಯಾರೆಟ್ಟಿಗೆ ಜೀರಿಗೆ, ಕೊತ್ತಂಬರಿ ಸೊಪ್ಪು, ನಿಂಬೆರಸ. ಪುಟ್ಟ ತಟ್ಟೆಗಳಲ್ಲಿ ಇವು ಮೇಜು ತುಂಬುತ್ತವೆ. ದುಂಡನೆಯ ದಪ್ಪ ರೊಟ್ಟಿ ಖುಬ್ಜ್ ಮುರಿದು, ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳುಗಳಲ್ಲಿ ಹಿಡಿದು, ಒತ್ತಿ ತೆಗೆದು ತಿನ್ನುವುದು ರೂಢಿ. ಹಳೆಯ ಬೀದಿಗಳಲ್ಲಿ ಇಂದಿಗೂ ಮನೆಯವರು ನಾದಿದ ಹಿಟ್ಟನ್ನು ಹಲಗೆಯ ಮೇಲಿಟ್ಟು ಕೇರಿಯ ಒಲೆಮನೆಗೆ, ಅಂದರೆ ಫರ‍್ರಾನಿಗೆ, ಕಳುಹಿಸುವುದುಂಟು. ಒಲೆಯವನು ಯಾವ ರೊಟ್ಟಿ ಯಾವ ಮನೆಯದೆಂದು ನೋಡಿಯೇ ಹೇಳಬಲ್ಲ.

ಕರ್ನಾಟಕದಿಂದ ಹೋಗುವ ಸಸ್ಯಾಹಾರಿಗಳಿಗೆ ಇಡೀ ಕಾರ್ಡಿನಲ್ಲಿ ಅತ್ಯಂತ ನೆಮ್ಮದಿಯ ಸಾಲು ಇದು. ಸೂಪೆಂದು ಬರುವ ಹರೀರಾದಲ್ಲಿ ಟೊಮೆಟೊ, ಮಸೂರ ಬೇಳೆ, ಕಾಬೂಲಿ ಕಡಲೆ ಕಾಣಿಸಿದರೂ ಒಳಗೆ ಮಾಂಸದ ತುಣುಕೋ ಮಾಂಸದ ರಸವೋ ಇರುವುದು ಸಾಮಾನ್ಯ. ಒಣಗಿಸಿದ ಫಾವಾ ಕಾಳಿನ ಗಟ್ಟಿ ಸಾರು ಬಿಸ್ಸಾರಾ ಸಿಕ್ಕರೆ ಬಿಡಬೇಡಿ. ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ ಹಾಕಿರುತ್ತಾರೆ. ಆದರೆ ಅದು ಬಡವರ ಬೆಳಗಿನ ತಿಂಡಿ. ಇಂಥ ಕಾರ್ಡುಗಳಲ್ಲಿ ಅಪರೂಪ, ಬೀದಿ ಅಂಗಡಿಗಳಲ್ಲಿ ಧಾರಾಳ.

"ಪಾರಿವಾಳದ ಬಸ್ತೀಲಾ, ಫೆಸ್ ಶೈಲಿ."

ಈ ಸಾಲಿನ ಹತ್ತಿರ ನಿಲ್ಲಬೇಕು. ಹಕ್ಕಿಯ ಮಾಂಸವನ್ನು ಈರುಳ್ಳಿ, ಶುಂಠಿ, ಕೇಸರಿ, ಚಕ್ಕೆಯೊಡನೆ ಮೆತ್ತಗೆ ಬೇಯಿಸಿ ಮೂಳೆ ಬಿಡಿಸುತ್ತಾರೆ. ಉಳಿದ ರಸವನ್ನು ಬತ್ತಿಸಿ ಅದರಲ್ಲೇ ಮೊಟ್ಟೆ ಕದಡುತ್ತಾರೆ. ಹುರಿದು ಕುಟ್ಟಿದ ಬಾದಾಮಿಗೆ ಸಕ್ಕರೆ, ಕಿತ್ತಳೆ ಹೂವಿನ ನೀರು ಬೆರೆಸುತ್ತಾರೆ. ಇವನ್ನೆಲ್ಲ ಪದರ ಪದರವಾಗಿ ವರ್ಕಾ ಎಂಬ ತೆಳು ಹಾಳೆಗಳಲ್ಲಿ ಸುತ್ತಿ ಗರಿಗರಿ ಬೇಯಿಸಿ, ಮೇಲೆ ಸಕ್ಕರೆ ಹಿಟ್ಟು ಉದುರಿಸಿ ಚಕ್ಕೆಪುಡಿಯಿಂದ ಗೆರೆ ಎಳೆಯುತ್ತಾರೆ. ಉಪ್ಪು, ಸಿಹಿ ಒಂದೇ ತುತ್ತಿನಲ್ಲಿ ಬರುತ್ತವೆ. ಈಗ ಪಾರಿವಾಳದ ಬದಲು ಕೋಳಿಯೇ ಹೆಚ್ಚು.

ಕಷ್ಟವಿರುವುದು ವರ್ಕಾ ಹಾಳೆಯಲ್ಲಿ. ಜಿಗುಟು ಹಿಟ್ಟಿನ ಉಂಡೆಯನ್ನು ಕೈಯಲ್ಲಿ ಹಿಡಿದು, ಕಾದ ತಟ್ಟೆಯ ಬೆನ್ನಿಗೆ ಮುಟ್ಟಿಸಿ ಮುಟ್ಟಿಸಿ ತೆಗೆಯಬೇಕು. ಮುಟ್ಟಿದಲ್ಲೆಲ್ಲ ಅಂಟಿ ಉಳಿದ ತೆಳುಪೊರೆಗಳು ಒಂದಕ್ಕೊಂದು ಕೂಡಿ ಹಾಳೆಯಾಗುತ್ತವೆ. ಕ್ಷಣ ತಡವಾದರೆ ಹಾಳೆ ಸೀದು ಹೋಗುತ್ತದೆ, ಬೆರಳೂ ಸುಡುತ್ತದೆ. ಸಿರಿವಂತರ ಮನೆಗಳಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರು ದಾದಾ ಎಂದು ಕರೆಸಿಕೊಳ್ಳುತ್ತಿದ್ದ ಅಡುಗೆಯ ಹೆಂಗಸರು. ಅವರಲ್ಲಿ ಬಹಳಷ್ಟು ಮಂದಿ ಸಹಾರಾದಾಚೆಯಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. ಅಳತೆಯ ಪುಸ್ತಕವಿಲ್ಲದೆ, ಕೈಯಿಂದ ಕೈಗೆ ಬಂದ ಪಾಕವಿದು. ಮೊರಾಕೊದ ಅರಮನೆ ಅಡುಗೆಯೆಂದು ಲೋಕ ಕೊಂಡಾಡುವುದರ ದೊಡ್ಡ ಪಾಲು ಇವರದು. ಕಾರ್ಡಿನ ಮೇಲೆ ಫೆಸ್ ಊರಿನ ಹೆಸರು ಬಂತು, ಇವರದು ಬರಲಿಲ್ಲ. ಮರಾಕೆಶ್‌ನ ಅಲ್ ಫಾಸಿಯಾದಂಥ ಹೋಟೆಲಿನಲ್ಲಿ ಹೆಂಗಸರೇ ಅಡುಗೆಮನೆಯನ್ನೂ ಬಡಿಸುವ ಅಂಗಳವನ್ನೂ ನಡೆಸುತ್ತಾರೆ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

"ಊಟದುದ್ದಕ್ಕೂ ಆಂದಲೂಸಿ ಸಂಗೀತ."

ಆಂದಲೂಸ್ ಎಂದರೆ ಮುಸ್ಲಿಮರು ಆಳಿದ ಸ್ಪೇನ್. 1492ರಲ್ಲಿ ಅದರ ಕೊನೆಯ ರಾಜ್ಯ ಗ್ರನಾಡಾ ಬಿತ್ತು. 1609ರಿಂದ ಸ್ಪೇನ್ ತನ್ನಲ್ಲಿ ಉಳಿದಿದ್ದ ಮೊರಿಸ್ಕೊಗಳನ್ನೂ, ಅಂದರೆ ಕ್ರೈಸ್ತರಾಗಿ ಮತಾಂತರಗೊಂಡ ಮುಸ್ಲಿಮರನ್ನೂ, ಹೊರಗಟ್ಟಿತು. ಅಲ್ಲಿಂದ ಬಂದವರು ಫೆಸ್, ತೆತುವಾನ್, ರಬಾತ್ ಊರುಗಳಲ್ಲಿ ನೆಲೆಸಿ ತಮ್ಮ ಹಾಡನ್ನು ಉಳಿಸಿಕೊಂಡರು. ಅಲ್ಲಿ ಅದಕ್ಕೆ ಅಲ್-ಆಲಾ ಎಂದು ಹೆಸರು. ನೂಬಾ ಎಂಬ ದೊಡ್ಡ ಗೊಂಚಲುಗಳಾಗಿ ಈ ಹಾಡುಗಳನ್ನು ಕಟ್ಟಿದ್ದಾರೆ. ಇಂದು ಉಳಿದಿರುವ ನೂಬಾಗಳು 11. ನೂಬಾದ ಪ್ರತಿಯೊಂದು ಘಟ್ಟವೂ ನಿಧಾನದಲ್ಲಿ ತೊಡಗಿ ಬರಬರುತ್ತಾ ಓಟ ಹಿಡಿಯುತ್ತದೆ. ಇಡೀ ನೂಬಾ ಹಾಡಿದರೆ ಹಲವು ಗಂಟೆ ಬೇಕು. ಹೋಟೆಲಿನಲ್ಲಿ ಕೇಳಸಿಗುವುದು ಅದರ ಕೊನೆಯ ಚುರುಕು ತುಣುಕುಗಳು.

ಊದ್, ರಬಾಬ್ ಎಂಬ ತಂತಿವಾದ್ಯಗಳು, ದರ್ಬೂಕಾ ಎಂಬ ಚರ್ಮವಾದ್ಯ, ಇವುಗಳ ನಡುವೆ ವಯೊಲಿನ್ ನುಡಿಸುವವರನ್ನು ನೋಡಿ. ವಾದ್ಯವನ್ನು ಗದ್ದಕ್ಕೆ ಒತ್ತುವುದಿಲ್ಲ. ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಕಮಾನು ಎಳೆಯುತ್ತಾರೆ. ಯುರೋಪಿನಿಂದ ಬಂದ ಅದೇ ವಾದ್ಯವನ್ನು ನಮ್ಮ ಕಛೇರಿಯವರು ಚಕ್ಕಳಮಕ್ಕಳ ಕೂತು ತುದಿಯನ್ನು ಪಾದಕ್ಕೊತ್ತಿ ನುಡಿಸುತ್ತಾರೆ. ಎರಡು ನಾಡುಗಳೂ ವಾದ್ಯವನ್ನು ತಮ್ಮ ಕೂರುವ ರೀತಿಗೆ ಬಗ್ಗಿಸಿಕೊಂಡವು. ಹಾಡಿನ ನಡುವೆ ತಟ್ಟೆಯ ಸದ್ದು ಕಡಿಮೆ ಮಾಡಿ ಎಂದು ಯಾರೂ ಹೇಳುವುದಿಲ್ಲ. ನಾವೇ ಮಾಡಬೇಕು.

"ಉಪ್ಪುನಿಂಬೆ, ಆಲಿವ್ ಹಾಕಿದ ಕೋಳಿ ತಜೀನ್."

ತಜೀನ್ ಎಂದರೆ ಗೋಪುರದಂಥ ಮುಚ್ಚಳವಿರುವ ಮಣ್ಣಿನ ಪಾತ್ರೆ, ಅದರಲ್ಲಿ ಮಾಡಿದ ಪದಾರ್ಥವೂ ಹೌದು. ಇದ್ದಿಲ ಒಲೆಯ ಸಣ್ಣ ಕಾವಿನಲ್ಲಿ ನೀರು ಹೆಚ್ಚು ಬೇಡದೆ ಬೇಯುತ್ತದೆ. ದೊಡ್ಡ ಗುಂಪಿಗೆ ಬಡಿಸುವಲ್ಲಿ ಕೋಳಿಯನ್ನು ದೊಡ್ಡ ಪಾತ್ರೆಯಲ್ಲೇ ಬೇಯಿಸಿ ಮಣ್ಣಿನದಕ್ಕೆ ವರ್ಗಾಯಿಸಿ ತರುವುದುಂಟು. ಮೊರಾಕೊದ ಎಷ್ಟೋ ಮನೆಗಳಲ್ಲೂ ದಿನನಿತ್ಯಕ್ಕೆ ಪ್ರೆಷರ್ ಕುಕ್ಕರೇ ಕೂಗುತ್ತದೆ, ಅದರಲ್ಲಿ ಮೋಸವೇನಿಲ್ಲ. ರುಚಿ ನಿಂತಿರುವುದು ನಿಂಬೆಯ ಮೇಲೆ: ಸೀಳಿ, ಉಪ್ಪು ತುಂಬಿ, ತನ್ನ ರಸದಲ್ಲೇ ಒಂದು ತಿಂಗಳಾದರೂ ಕಳಿತ ನಿಂಬೆ. ಖಾರವಿಲ್ಲ, ಎಣ್ಣೆಯಿಲ್ಲ. ಸಿಪ್ಪೆ ಬೆಣ್ಣೆಯಷ್ಟು ಮೆದುವಾಗಿರುತ್ತದೆ. ಇದಕ್ಕೆ ಹಾಕುವ ಕೇಸರಿಯನ್ನು ಮೊರಾಕೊದ್ದೇ ತಾಲಿವೀನ್ ಕಡೆಯ ಬೆಟ್ಟಗಳಲ್ಲಿ ಬೆಳೆಯುತ್ತಾರೆ.

"ಏಳು ತರಕಾರಿಯ ಕುಸ್‌ಕುಸ್."

ರವೆಯನ್ನು ಅಗಲ ಪಾತ್ರೆಯಲ್ಲಿ ಹರಡಿ, ನೀರು ಚಿಮುಕಿಸುತ್ತಾ, ಹಿಟ್ಟು ಉದುರಿಸುತ್ತಾ ಅಂಗೈಯಲ್ಲಿ ಸುತ್ತಿಸಿ ಕಾಳು ಕಟ್ಟುವುದು ಮೊದಲ ಕೆಲಸ. ಬಳಿಕ ಇಡ್ಲಿ ಅಟ್ಟದ ಹಾಗೆ ತೂತುಗಳಿರುವ ಕೆಸ್ಕಾಸ್‌ನಲ್ಲಿ, ಕೆಳಗೆ ಕುದಿಯುವ ಸಾರಿನ ಹಬೆಯಲ್ಲೇ ಬೇಯಿಸಬೇಕು. ಒಂದು ಸಲವಲ್ಲ. ಹಬೆಗಿಡು, ಹರವು, ನೀರು ಚಿಮುಕಿಸು, ಗಂಟು ಬಿಡಿಸು, ಮತ್ತೆ ಹಬೆಗಿಡು. ಸಾಮಾನ್ಯವಾಗಿ ಮೂರು ಸುತ್ತು. ಕ್ಯಾರೆಟ್, ಟರ್ನಿಪ್, ಸಿಹಿಗುಂಬಳ, ಎಲೆಕೋಸು, ಕಡಲೆ ಎಲ್ಲ ಕೆಳಗಿನ ಸಾರಿನಲ್ಲಿ ಬೇಯುತ್ತವೆ. ಆ ಸಾರಿನಲ್ಲಿ ಮಾಂಸವೂ ಇರುತ್ತದೆ. ಆದ್ದರಿಂದ ತರಕಾರಿಯ ಹೆಸರು ನೋಡಿ ಸಸ್ಯಾಹಾರಿಗಳು ನಂಬಿ ಕೂರಬಾರದು. ಸಾರು ಯಾವುದರದ್ದೆಂದು ಬಾಯಿಬಿಟ್ಟು ಕೇಳಿ, ಮೊದಲೇ ಹೇಳಿಟ್ಟರೆ ಬೇರೆಯಾಗಿ ಮಾಡಿಕೊಡುವವರಿದ್ದಾರೆ.

ಮನೆಗಳಲ್ಲಿ ಇದು ಶುಕ್ರವಾರದ ಊಟ. ಮಧ್ಯಾಹ್ನದ ನಮಾಜು ಮುಗಿಸಿ ಬಂದವರೆಲ್ಲ ಒಂದೇ ದೊಡ್ಡ ತಟ್ಟೆಯ ಸುತ್ತ ಕೂರುತ್ತಾರೆ. ಪ್ರತಿಯೊಬ್ಬರೂ ತಮ್ಮ ಮುಂದಿನ ಭಾಗದಿಂದಲೇ ತಿನ್ನುತ್ತಾರೆ, ನಡುವಿನ ಮಾಂಸವನ್ನು ಮನೆಯ ಹಿರಿಯರು ಅತಿಥಿಯ ಕಡೆಗೆ ಸರಿಸುತ್ತಾರೆ. 2020ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಕುಸ್‌ಕುಸ್ ಸೇರಿಸಿದಾಗ ಅಲ್ಜೀರಿಯಾ, ಮಾರಿಟೇನಿಯಾ, ಮೊರಾಕೊ, ಟ್ಯುನೀಸಿಯಾ ನಾಲ್ಕೂ ಕೂಡಿ ಅರ್ಜಿ ಹಾಕಿದ್ದವು. ಅಲ್ಜೀರಿಯಾ, ಮೊರಾಕೊ ಸರಕಾರಗಳು ಎಷ್ಟೋ ವಿಷಯಗಳಲ್ಲಿ ಮುಖಕ್ಕೆ ಮುಖ ಕೊಡದಿದ್ದ ಕಾಲವದು.

"ಬೆಲ್ಲಿ ಡ್ಯಾನ್ಸ್, 10 ಗಂಟೆಗೆ."

ದೀಪ ಮಂದವಾಗುತ್ತದೆ, ಕ್ಯಾಮೆರಾಗಳು ಮೇಲೇಳುತ್ತವೆ. ನರ್ತಕಿಯ ಮೈಯ ಹದ, ತಾಳದ ಹಿಡಿತ ನಿಜಕ್ಕೂ ದೊಡ್ಡ ಸಾಧನೆ. ಆದರೆ ಈ ಕುಣಿತದ ತವರು ಈಜಿಪ್ಟ್. ಹೊರಗಿನವರು ಅರಬ್ ನಾಡಿನ ಬಗ್ಗೆ ಇಟ್ಟುಕೊಂಡ ಕಲ್ಪನೆಯನ್ನು ತಣಿಸಲೆಂದೇ ಇಲ್ಲಿ ಕಾರ್ಡಿಗೆ ಸೇರಿದೆ. ಅತಿಥಿಯ ಕಲ್ಪನೆ ಇಡೀ ಹೋಟೆಲನ್ನೇ ಕಟ್ಟಿಸಿದ್ದೂ ಉಂಟು. 1942ರ 'ಕಾಸಾಬ್ಲಾಂಕಾ' ಚಿತ್ರ ತಯಾರಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದರಲ್ಲಿ ಬರುವ ರಿಕ್ಸ್ ಕೆಫೆ ನಿಜವಾದ ಕಾಸಾಬ್ಲಾಂಕಾದಲ್ಲಿ ಬಾಗಿಲು ತೆರೆದದ್ದು 2004ರಲ್ಲಿ, ಅಮೆರಿಕದ ಮಾಜಿ ರಾಜತಂತ್ರಾಧಿಕಾರಿ ಕ್ಯಾಥಿ ಕ್ರೀಗರ್ ಅವರ ಕೈಯಿಂದ.

ಮೊರಾಕೊಗೆ ತನ್ನದೇ ಕುಣಿತಗಳು ಬೇಕಾದಷ್ಟಿವೆ. ಹೈ ಅಟ್ಲಾಸ್ ಬೆಟ್ಟದ ಹಳ್ಳಿಗಳ ಅಹ್ವಾಶ್‌ನಲ್ಲಿ ಗಂಡಸರು ಹೆಂಗಸರು ಸಾಲುಗಟ್ಟಿ ನಿಂತು ಹಾಡುತ್ತಾರೆ. ಅಟ್ಲಾಂಟಿಕ್ ಕಡೆಯ ಬಯಲುಸೀಮೆಯಲ್ಲಿ ಶೀಖಾತ್ ಎಂಬ ವೃತ್ತಿಗಾಯಕಿಯರು ಐತಾ ಎಂಬ ಜನಪದ ಹಾಡು ಹಾಡುತ್ತಾ ಕುಣಿಯುತ್ತಾರೆ. ಖರ್ಬೂಶಾ ಎಂಬ ಐತಾ ಗಾಯಕಿ 19ನೇ ಶತಮಾನದ ಕೊನೆಯಲ್ಲಿ ದರ್ಪದ ಅಧಿಕಾರಿಯೊಬ್ಬನ ವಿರುದ್ಧ ಹಾಡು ಕಟ್ಟಿ ಪ್ರಾಣ ತೆತ್ತಳೆಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲಿದೆ. ತಲೆಯ ಮೇಲೆ ಉರಿವ ಮೋಂಬತ್ತಿಗಳ ತಟ್ಟೆ ಹೊತ್ತು ಕುಣಿಯುವವರನ್ನೂ ಮರಾಕೆಶ್‌ನ ಹೋಟೆಲುಗಳಲ್ಲಿ ನೋಡಬಹುದು. ಶೀಖಾತ್ ಮೇಳ ಬರುವ ರಾತ್ರಿ ಯಾವುದೆಂದು ಕೇಳಿಕೊಂಡು ಹೋಗುವುದು ಒಳ್ಳೆಯದು ಎನ್ನುತ್ತೇನೆ.

"ಗ್ನಾವಾ ಮೇಳ."

ಕಾರ್ಡಿನಲ್ಲಿ ಎರಡೇ ಪದದ ಸಾಲು. ನನ್ನ ಮಟ್ಟಿಗೆ ಇಡೀ ರಾತ್ರಿಯ ತಿರುಳು ಇದು.

ಕವಡೆ ಹೊಲಿದ ಟೊಪ್ಪಿಗೆ ತೊಟ್ಟ ಗಂಡಸರು ಕಬ್ಬಿಣದ ಕ್ರಾಕೆಬ್ ತಾಳಗಳನ್ನು ಬಡಿಯುತ್ತಾ ಬರುತ್ತಾರೆ, ಟೊಪ್ಪಿಗೆಯ ಕುಚ್ಚನ್ನು ಗಿರಗಿರ ತಿರುಗಿಸುತ್ತಾರೆ, ನೋಡುವವರು ನಗುತ್ತಾರೆ. ಕಣ್ಣು ಅಲ್ಲೇ ನಿಲ್ಲದಿರಲಿ. ನಡುವೆ ಕೂತವರು ಮಾಲ್ಲೆಮ್, ಮೇಳದ ಗುರು. ಅವರ ಕೈಯಲ್ಲಿರುವುದು ಗಿಂಬ್ರಿ: ಮರ ಕೊರೆದು ಒಂಟೆಯ ಚರ್ಮ ಬಿಗಿದ, ಮೂರು ತಂತಿಯ ವಾದ್ಯ. ಅದರ ನಾದ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ತಂತಿ ಮೀಟುವ ಬೆರಳೇ ಚರ್ಮದ ಮೇಲೆ ತಾಳವನ್ನೂ ಹೊಡೆಯುತ್ತದೆ.

ಗ್ನಾವಾ ಜನರ ಹಿರಿಯರನ್ನು ಪಶ್ಚಿಮ ಆಫ್ರಿಕಾದಿಂದ ಸಹಾರಾ ದಾಟಿಸಿ ಗುಲಾಮರಾಗಿ ತಂದಿದ್ದರು. ಕಳೆದುಹೋದ ಊರುಗಳ, ನುಡಿಗಳ ಚೂರುಗಳು ಅವರ ಹಾಡುಗಳಲ್ಲಿ ಉಳಿದಿವೆ. ಪ್ರವಾದಿಯವರ ಸಂಗಾತಿ, ಗುಲಾಮಗಿರಿಯಿಂದ ಬಿಡುಗಡೆಯಾಗಿ ಮೊದಲ ಬಾಂಗು ಕೂಗಿದ ಬಿಲಾಲರನ್ನು ಅವರು ತಮ್ಮ ಮೂಲಪುರುಷರೆಂದು ನೆನೆಯುತ್ತಾರೆ. ಈ ಸಂಗೀತದ ನಿಜವಾದ ನೆಲೆ ಲೀಲಾ ಎಂಬ ಇರುಳಿಡೀ ನಡೆಯುವ ಆಚರಣೆ. ಮನೆಯಲ್ಲಿ ಯಾರಿಗೋ ವಾಸಿಯಾಗದ ನೋವಿದ್ದರೆ ಮೇಳವನ್ನು ಕರೆಸುತ್ತಾರೆ. ಧೂಪ ಏಳುತ್ತದೆ. ಏಳು ಬಣ್ಣಗಳ ವಸ್ತ್ರಗಳು ಒಂದೊಂದಾಗಿ ಹೊರಬರುತ್ತವೆ, ಬಣ್ಣಬಣ್ಣಕ್ಕೆ ಬೇರೆ ಬೇರೆ ಶಕ್ತಿಗಳು, ಬೇರೆ ಬೇರೆ ಹಾಡುಗಳು. ಮೈದುಂಬಿ ಆಡುವವರನ್ನು ನೋಡಿಕೊಳ್ಳುವವಳು ಮುಕದ್ದಮಾ ಎಂಬ ಹೆಂಗಸು. ಬೆಳಗಾಗುವವರೆಗೆ ಗಿಂಬ್ರಿ ನಿಲ್ಲುವಂತಿಲ್ಲ.

ಹೋಟೆಲಿನಲ್ಲಿ ಇದಕ್ಕೆ ಸಿಗುವುದು ಮುಖ್ಯ ಊಟಕ್ಕೂ ಹಣ್ಣಿಗೂ ನಡುವಿನ ಬಿಡುವು. ಹಾಗೆಂದು ಅದು ಸುಳ್ಳಾಗುವುದಿಲ್ಲ. ಇದೇ ಮಾಲ್ಲೆಮ್ ಮರುರಾತ್ರಿ ಯಾರದೋ ಮನೆಯಲ್ಲಿ ಲೀಲಾ ನಡೆಸುತ್ತಿರಬಹುದು, ಹೋಟೆಲಿನ ದುಡ್ಡಿನಿಂದ ಮನೆಯಲ್ಲಿ ಒಲೆ ಉರಿಯುತ್ತಿರಬಹುದು. ಎಸ್ಸೌಯಿರಾದ ಮಾಲ್ಲೆಮ್ ಮಹಮೂದ್ ಗಿನಿಯಾ 1994ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಫ್ಯಾರೋ ಸ್ಯಾಂಡರ್ಸ್ ಜೊತೆ ನುಡಿಸಿದ ಧ್ವನಿಮುದ್ರಿಕೆ ಬಂತು. ಪಿಯಾನೊದ ರ‍್ಯಾಂಡಿ ವೆಸ್ಟನ್ ತಾಂಜಿಯರ್‌ನಲ್ಲಿ ನೆಲೆಸಿ ಗ್ನಾವಾ ಗುರುಗಳ ಸಂಗಡ ವರ್ಷಗಟ್ಟಲೆ ಒಡನಾಡಿದರು. ಗಂಡಸರದೇ ಆಗಿದ್ದ ಗಿಂಬ್ರಿಯನ್ನು ಕಾಸಾಬ್ಲಾಂಕಾದ ಅಸ್ಮಾ ಹಮ್ಜಾವಿ ಕೈಗೆತ್ತಿಕೊಂಡು ಹೆಣ್ಣುಮಕ್ಕಳದೇ ಮೇಳ ಕಟ್ಟಿದ್ದಾರೆ. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಗ್ನಾವಾ ಸೇರಿತು. ಇಷ್ಟೆಲ್ಲ ಆದಮೇಲೂ ಊಟದ ಕಾರ್ಡಿನಲ್ಲಿ ಗುರುವಿನ ಹೆಸರು ಹಾಕಲು ಜಾಗವಿಲ್ಲದಿರುವುದು ನನ್ನನ್ನು ನೋಯಿಸುತ್ತದೆ. ಟೊಪ್ಪಿಗೆ ಮುಂದೆ ಬಂದಾಗ ದಿರ್ಹಮ್ ಹಾಕುವುದರ ಜೊತೆಗೆ ಮಾಲ್ಲೆಮ್ ಯಾರು, ಯಾರಲ್ಲಿ ಕಲಿತವರು ಎಂದು ಕೇಳಿ.

"ಚಕ್ಕೆಪುಡಿ ಉದುರಿಸಿದ ಕಿತ್ತಳೆ. ಪುದೀನ ಚಹಾ."

ಕಿತ್ತಳೆ ಕಿತ್ತಳೆಯೇ, ಭಾರಿ ಊಟದ ಮೇಲೆ ಅದಕ್ಕಿಂತ ಹಿತವಾದದ್ದಿಲ್ಲ. ಚಹಾ ಎಲೆ ಚೀನಾದ ಹಸಿರು ಎಲೆ, ಗುಂಡುಗುಂಡಾಗಿ ಸುರುಳಿ ಸುತ್ತಿದ್ದು. ಮೊರಾಕೊದಲ್ಲಿ ಇದು ಮನೆಮನೆಗೆ ಹಬ್ಬಿದ್ದು 19ನೇ ಶತಮಾನದಲ್ಲಿ. ಮೊದಲ ಲೋಟ ಬಗ್ಗಿಸಿ ಮತ್ತೆ ಕೆಟಲಿಗೇ ಸುರಿಯುತ್ತಾರೆ, ಸಕ್ಕರೆ ಬೆರೆಯಲೆಂದು. ಕೈ ಎತ್ತರಕ್ಕೆತ್ತಿ ಹೊಯ್ಯುವುದು ನೊರೆ ಬರಲೆಂದು. ಸಕ್ಕರೆ ಕಡಿಮೆ ಬೇಕಿದ್ದರೆ ಕುದಿಸುವ ಮೊದಲೇ ಹೇಳಬೇಕು.

ಚಹಾ ಮುಗಿಸಿ ಮರಾಕೆಶ್‌ನ ಜಮಾ ಅಲ್-ಫನಾ ಮೈದಾನಕ್ಕೆ ನಡೆದು ಹೋಗಿ. ಅಲ್ಲಿ ಕಾರ್ಡಿಲ್ಲ, ಮೇಜು ಕಾಯ್ದಿರಿಸುವುದಿಲ್ಲ. ಹೊಗೆಯಾಡುವ ಊಟದಂಗಡಿಗಳ ಪಕ್ಕದಲ್ಲೇ ಕಥೆಗಾರರು, ವಾದ್ಯದವರು ಜನರ ಸುತ್ತು ಕಟ್ಟಿಸಿಕೊಂಡು ನಿಲ್ಲುತ್ತಾರೆ. ಈ ಮೈದಾನವನ್ನು ಉಳಿಸಬೇಕೆಂದು ಅಲ್ಲೇ ಮನೆ ಮಾಡಿದ್ದ ಸ್ಪೇನಿನ ಲೇಖಕ ಹ್ವಾನ್ ಗೊಯ್ತಿಸೊಲೊ ಹೋರಾಡಿದರು. 2001ರಲ್ಲಿ ಯುನೆಸ್ಕೊ ಇಲ್ಲಿನ ಬಾಯಿಮಾತಿನ ಪರಂಪರೆಗೆ ಮನ್ನಣೆ ಕೊಟ್ಟಿತು. ಗ್ನಾವಾವನ್ನು ಇನ್ನೂ ಕೇಳಬೇಕೆನ್ನುವವರಿಗೆ ಎಸ್ಸೌಯಿರಾದಲ್ಲಿ 1998ರಿಂದ ಉತ್ಸವ ನಡೆದುಬಂದಿದೆ. ಕಡಲ ಪಕ್ಕದ ಬಯಲು ವೇದಿಕೆಗಳಲ್ಲಿ ಮಾಲ್ಲೆಮ್‌ಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ.